ಕಡಲು ದಾಟುವ ಮೂಕಜೀವ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಿಂದ ವಿದ್ಯೆ ಮತ್ತು ಉದ್ಯೋಗದ ನಿಮಿತ್ತ ಹೊರದೇಶಗಳಿಗೆ ತೆರಳುವ ಕುಟುಂಬಗಳು ಇಂದು ವಿರಳವಲ್ಲ. ಹೊರಡುವ ಮುನ್ನ ಮನೆಗೆ ಒಬ್ಬ ಬಾಡಿಗೆದಾರ ದೊರೆಯುತ್ತಾನೆ, ತೋಟಕ್ಕೆ ಒಬ್ಬ ಪಾಲುದಾರ ಸಿಗುತ್ತಾನೆ, ಬಂಗಾರವು ಬ್ಯಾಂಕಿನ ಪೆಟ್ಟಿಗೆಯನ್ನು ಸೇರುತ್ತದೆ, ಬಸದಿಯ ಪೂಜೆಯ ಸರದಿಯನ್ನು ದಾಯಾದಿಗಳು ವಹಿಸಿಕೊಳ್ಳುತ್ತಾರೆ. ಎಲ್ಲವೂ ಇತ್ಯರ್ಥವಾದ ಮೇಲೆ ಕಟ್ಟಕಡೆಗೆ ಉಳಿಯುವುದು ಬಾಗಿಲಲ್ಲಿ ಮಲಗಿರುವ ನಾಯಿಯ ಅಥವಾ ಅಟ್ಟದ ಮೇಲಿನ ಬೆಕ್ಕಿನ ಪ್ರಶ್ನೆ. ಅದನ್ನು ಜೊತೆಯಲ್ಲಿ ಕೊಂಡೊಯ್ಯಬೇಕೆ, ವೃದ್ಧರಾದ ತಂದೆತಾಯಿಗಳ ಬಳಿ ಬಿಡಬೇಕೆ, ಅಥವಾ ಎಲ್ಲಿಯಾದರೂ ಸಾಗಹಾಕಬೇಕೆ?

ಮೇಲ್ನೋಟಕ್ಕೆ ಇದು ವಿಮಾನಯುಗದ ಹೊಸ ಸಮಸ್ಯೆಯೆಂದು ತೋರುತ್ತದೆ. ಆದರೆ ಮನುಷ್ಯನ ಇಚ್ಛೆಗೆ ಕಟ್ಟುಬಿದ್ದು ತನ್ನದಲ್ಲದ ನೆಲಕ್ಕೆ ಹೋದ ಪ್ರಾಣಿಯ ಕಥೆಯು ಈ ಸೀಮೆಯಲ್ಲಿ ಸಾವಿರ ವರ್ಷಗಳಷ್ಟು ಹಳೆಯದು. ಆ ಕಥೆಯನ್ನು ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಾನೂನುಗಳು ಬದಲಾಗಿವೆ, ವಾಹನಗಳು ಬದಲಾಗಿವೆ. ಪ್ರಯಾಣವನ್ನು ನಿಶ್ಚಯಿಸುವವನು ಒಬ್ಬ, ಅದರ ಕಷ್ಟವನ್ನು ಅನುಭವಿಸುವ ಜೀವ ಮತ್ತೊಂದು ಎಂಬುದು ಮಾತ್ರ ಬದಲಾಗಿಲ್ಲ.

ಆತಕೂರಿನ ಕಲ್ಲು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಶಕವರ್ಷ 872ರದು, ಎಂದರೆ ಕ್ರಿ.ಶ. 949-50ರದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಗಂಗದೊರೆ ಇಮ್ಮಡಿ ಬೂತುಗನೊಡಗೂಡಿ ತಮಿಳುನಾಡಿನ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧದ ಸಂಗತಿ ಅದರಲ್ಲಿದೆ. ಆ ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ಮಣಲೇರನೆಂಬ ವೀರನಿಗೆ, ಬೇಕಾದುದನ್ನು ಬೇಡಿಕೊಳ್ಳೆಂದು ಒಡೆಯನು ಅಪ್ಪಣೆಯಿತ್ತನು. ಮಣಲೇರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿಯೆಂಬ ಹೆಸರಿನ ಒಂದು ಬೇಟೆನಾಯಿಯನ್ನು.

ಹೀಗೆ ಒಬ್ಬ ಒಡೆಯನ ಬಳಿಯಿಂದ ಇನ್ನೊಬ್ಬನ ಕೈಸೇರಿ ಈ ಸೀಮೆಗೆ ಬಂದ ಕಾಳಿಯನ್ನು ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನೂ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವು ತಟ್ಟಲೆಂಬ ಕಟ್ಟಳೆಯೂ ಅಲ್ಲಿದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಗಳ ಕಾಳಗದ ಚಿತ್ರವಿದೆ.

ನಾಯಿಗೆ ಇಷ್ಟು ದೊಡ್ಡ ಗೌರವವು ಸಂದ ಉದಾಹರಣೆಗಳು ಅಪರೂಪ. ಒಡೆಯನಿಗೆ ತನ್ನ ನಾಯಿಯ ಮೇಲಿದ್ದ ಪ್ರೀತಿಯೂ ಸುಳ್ಳಲ್ಲ. ಆದರೂ ಆ ಕಲ್ಲನ್ನು ಶ್ರಾವಕನ ಕಣ್ಣಿನಿಂದ ನೋಡುವವರಿಗೆ ಬೇರೊಂದು ಅರ್ಥ ಹೊಳೆಯದಿರದು. ಹಂದಿಯೊಡನೆ ಕಾಳಿಗೆ ವೈರವಿರಲಿಲ್ಲ. ಬೇಟೆಯ ಬಯಕೆ ಮನುಷ್ಯನದು, ಸಾವು ಎರಡು ಪ್ರಾಣಿಗಳದು, ಪಾಪದ ಹೊರೆ ಮಾತ್ರ ಶಾಸನದ ಮಾತಿನಲ್ಲಿ ನಾಯಿಯ ತಲೆಗೆ. ಪ್ರೀತಿಯಿದ್ದಾಗಲೂ ಹಿಂಸೆಯು ನಡೆಯಬಲ್ಲದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಈ ಸೀಮೆಯಲ್ಲಿ ಹುಡುಕಬೇಕಾಗಿಲ್ಲ.

ಉಡುಗೊರೆಯಾಗಿ ಬಂದ ತಾಯಿ

ಆತಕೂರಿನ ಕಲ್ಲು ನಿಂತ ಹತ್ತು ವರ್ಷಗಳೊಳಗೆ, ಅದೇ ಮೂರನೆಯ ಕೃಷ್ಣನ ಆಳಿಕೆಯಲ್ಲಿ, ಕ್ರಿ.ಶ. 959ರಲ್ಲಿ ಸೋಮದೇವಸೂರಿಗಳು ಸಂಸ್ಕೃತದಲ್ಲಿ ಯಶಸ್ತಿಲಕಚಂಪುವನ್ನು ಮುಗಿಸಿದರು. ಅದೇ ಕಥೆಯನ್ನು ಹೊಯ್ಸಳರ ಕಾಲದ ಜನ್ನನು 1209ರಲ್ಲಿ ಯಶೋಧರ ಚರಿತೆಯೆಂಬ ಕನ್ನಡ ಕಾವ್ಯವಾಗಿಸಿದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ತಿರ್ಯಗ್ಗತಿಯಲ್ಲಿ ತೊಳಲಿದ ಕಥೆಯು ಜೈನ ಮನೆಗಳಿಗೆ ಹೊಸದಲ್ಲ.

ಆ ಕಥೆಯ ಒಂದು ಪ್ರಸಂಗವು ಇಲ್ಲಿ ವಿಶೇಷವಾಗಿ ಸ್ಮರಣೀಯ. ಯಶೋಧರನು ನವಿಲಾಗಿಯೂ ಚಂದ್ರಮತಿಯು ನಾಯಿಯಾಗಿಯೂ ಹುಟ್ಟುತ್ತಾರೆ. ಬೇರೆ ಬೇರೆ ಎಡೆಗಳಲ್ಲಿ ಬೆಳೆದ ಆ ಎರಡು ಪ್ರಾಣಿಗಳೂ ಕಾಣಿಕೆಯಾಗಿ ಬಂದು ಸೇರುವುದು ತಮ್ಮದೇ ಅರಮನೆಯನ್ನು. ಅವುಗಳನ್ನು ಸಂತೋಷದಿಂದ ಸ್ವೀಕರಿಸುವವನು ಯಶೋಧರನ ಮಗನೇ ಆದ ಯಶೋಮತಿ. ಮುಂದೆ ನಾಯಿಯು ನವಿಲನ್ನು ಕೊಲ್ಲುತ್ತದೆ. ನಾಯಿಯು ಯಶೋಮತಿಯ ಕೈಯಿಂದ ಸಾಯುತ್ತದೆ. ಅರಸನು ಹೊಡೆದು ಕೊಂದದ್ದು ತನ್ನ ಅಜ್ಜಿಯನ್ನೆಂಬುದು ಅವನಿಗೆ ಆಗ ತಿಳಿಯದು.

ಒಂದೇ ಶತಮಾನದ, ಒಂದೇ ಸಾಮ್ರಾಜ್ಯದ ಎರಡು ದೃಷ್ಟಿಗಳು ಇಲ್ಲಿ ಎದುರುಬದುರಾಗಿವೆ. ಶಿಲ್ಪಿಯು ನಾಯಿಯನ್ನು ವೀರನ ಬಹುಮಾನವೆಂದು ಕಂಡನು. ಜೈನಕವಿಯು ಅದೇ ಬಗೆಯ ನಾಯಿಯಲ್ಲಿ ಗತಿಯಿಂದ ಗತಿಗೆ ಅಲೆಯುತ್ತಿರುವ ಜೀವವನ್ನು ಕಂಡನು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ, ಧರ್ಮದಿಂದ ನಾಯಿಯೂ ದೇವನಾಗಬಲ್ಲದು, ಅಧರ್ಮದಿಂದ ದೇವನೂ ನಾಯಿಯಾಗಬಲ್ಲನು ಎಂಬ ಅಭಿಪ್ರಾಯವನ್ನು ಹೇಳಿರುವುದು ಈ ದೃಷ್ಟಿಯ ತಿರುಳು. ಪ್ರಾಣಿಯನ್ನು ಸಾಮಾನಿನಂತೆ ಸಾಗಿಸುವ ಮನೋಭಾವಕ್ಕೆ ಇದರಲ್ಲಿ ಎಡೆಯಿಲ್ಲ.

1799ರ ಶ್ರೀರಂಗಪಟ್ಟಣ

ಕಡಲು ದಾಟಿದ ಪ್ರಾಣಿಗಳ ಇತಿಹಾಸವು ಈ ಸೀಮೆಯಲ್ಲಿ ಶ್ರೀರಂಗಪಟ್ಟಣದ ಪತನದೊಡನೆ ಹೆಣೆದುಕೊಂಡಿದೆ. 1799ರ ಮೇ 4ರಂದು ಕೋಟೆಯು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಭಂಡಾರ, ಪುಸ್ತಕಗಳು, ಆಯುಧಗಳು ಹಂಚಿಹೋದವು. ಹುಲಿಯೊಂದು ಯೂರೋಪಿಯನ್ನನನ್ನು ಕೆಡವಿ ಕುಳಿತ ಮರದ ಯಂತ್ರವು ಲಂಡನ್ನಿಗೆ ಹೋಗಿ, ಇಂದಿಗೂ ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮರದ ಹುಲಿಯ ಕಥೆಯನ್ನು ಎಲ್ಲರೂ ಬಲ್ಲರು. ಜೀವಂತ ಹುಲಿಗಳ ಗತಿಯೇನಾಯಿತೆಂದು ಕೇಳುವವರು ಕಡಿಮೆ.

ಅರಮನೆಯಲ್ಲಿ ಸರಪಳಿಯಲ್ಲಿ ಕಟ್ಟಿದ ಹುಲಿಗಳಿದ್ದವು. ಒಡೆಯನು ಸತ್ತು, ಪಾಲಕರು ಚದುರಿ, ಊರೆಲ್ಲ ಲೂಟಿಯಲ್ಲಿ ಮುಳುಗಿದ್ದಾಗ ಅವುಗಳಿಗೆ ಆಹಾರವನ್ನು ಕೊಡುವವರಿಲ್ಲವಾಯಿತು. ಪಟ್ಟಣದ ಅಧಿಕಾರವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು, ಅಂದರೆ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧನಾದವನು, ಸೇನಾಧಿಪತಿ ಹ್ಯಾರಿಸನಿಗೆ ಪತ್ರವನ್ನು ಬರೆದನು. ಹುಲಿಗಳನ್ನು ನಿಜಾಮನ ಕಡೆಯ ಮೀರ್ ಆಲಮನು ತರಿಸಿಕೊಳ್ಳಲಿ. ಇಲ್ಲವಾದರೆ ಆಹಾರವೂ ಪಾಲಕರೂ ಇಲ್ಲದೆ ಅವು ಕೆರಳುತ್ತಿರುವುದರಿಂದ ಗುಂಡಿಕ್ಕಲು ಆಜ್ಞಾಪಿಸಬೇಕಾಗುತ್ತದೆ ಎಂಬುದು ಆ ಪತ್ರದ ಸಾರ. ಆ ಮಾತಿನಲ್ಲಿ ದ್ವೇಷವಿಲ್ಲ. ಕೇವಲ ಆಡಳಿತದ ಒಂದು ತೊಡಕನ್ನು ನಿವಾರಿಸುವ ಧಾಟಿಯಿದೆ. ಬಿಟ್ಟುಹೋದ ಪ್ರಾಣಿಯ ದುಃಖವು ಇರುವುದೇ ಇಲ್ಲಿ: ಅದನ್ನು ಕೊಲ್ಲುವವನಿಗೆ ಅದರ ಮೇಲೆ ಕೋಪವಿರಬೇಕಾಗಿಲ್ಲ, ಸಾಕಿದವನು ಇಲ್ಲದಿದ್ದರೆ ಸಾಕು.

ಇನ್ನೊಂದು ಬಗೆಯ ಪ್ರಾಣಿಗಳಿಗೆ ಬೇರೆ ಗತಿ ಒದಗಿತು. ಟಿಪ್ಪುವಿನ ಬಳಿ ಜಿಂಕೆಯ ಬೇಟೆಗಾಗಿ ಪಳಗಿಸಿದ ಚೀತಾಗಳಿದ್ದವು. ಅವುಗಳಲ್ಲಿ ಮೂರನ್ನು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನಿಗಾಗಿ ಹಡಗಿನಲ್ಲಿ ಕಳುಹಿಸಿ, ಲಂಡನ್ ಗೋಪುರದ ಮೃಗಶಾಲೆಯಲ್ಲಿ ಇರಿಸಲಾಯಿತು. ಸೂಯೆಜ್ ಕಾಲುವೆಯು ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕದ ತುದಿಯನ್ನು ಬಳಸಿಹೋಗುವ ಪಯಣಕ್ಕೆ ಹಲವು ತಿಂಗಳುಗಳು ಬೇಕಾಗುತ್ತಿದ್ದವು. ಬಯಲಿನಲ್ಲಿ ಓಡುವುದಕ್ಕಾಗಿಯೇ ಹುಟ್ಟಿದ ಪ್ರಾಣಿಯು ಹಡಗಿನ ಪಂಜರದಲ್ಲಿ ಆ ತಿಂಗಳುಗಳನ್ನು ಕಳೆದು, ಮಂಜಿನ ನಾಡಿನ ಕಲ್ಲುಗೋಡೆಯೊಳಗೆ ಇಳಿಯಿತು.

ಹೀಗೆ ಕಳುಹಿಸುವ ಪದ್ಧತಿಯು ಅದಾಗಲೇ ಇದ್ದಿತು. ಮದರಾಸಿನ ಗವರ್ನರನಾಗಿದ್ದ ಜಾರ್ಜ್ ಪಿಗಟ್ಟನು ಒಂದು ಚೀತಾವನ್ನು ಇಂಗ್ಲೆಂಡಿಗೆ ಒಯ್ದು ಅದೇ ದೊರೆಗೆ ಒಪ್ಪಿಸಿದ್ದನು. 1764ರಲ್ಲಿ ವಿಂಡ್ಸರ್ ಉದ್ಯಾನದಲ್ಲಿ ಅದನ್ನು ಸಾರಂಗವೊಂದರ ಮೇಲೆ ಬಿಟ್ಟಾಗ, ಸಾರಂಗವೇ ಕೊಂಬಿನಿಂದ ಅದನ್ನು ಹಿಮ್ಮೆಟ್ಟಿಸಿತು. ಜಾರ್ಜ್ ಸ್ಟಬ್ಸನೆಂಬ ಚಿತ್ರಕಾರನು ರಚಿಸಿದ, ಈಗ ಮ್ಯಾಂಚೆಸ್ಟರಿನಲ್ಲಿರುವ ಚಿತ್ರದಲ್ಲಿ ಆ ಚೀತಾವೂ ಅದರೊಡನೆ ಹೋದ ಇಬ್ಬರು ಭಾರತೀಯ ಪಾಲಕರೂ ಇದ್ದಾರೆ. ಪ್ರಾಣಿಯು ಹೋದಲ್ಲಿಗೆ ಅದರ ಭಾಷೆಯನ್ನು ಬಲ್ಲವರನ್ನೂ ಕಳುಹಿಸಿದ್ದೊಂದೇ ಆ ವ್ಯವಹಾರದಲ್ಲಿ ಕಾಣುವ ವಿವೇಕ.

ಸೆರೆಯಲ್ಲಿ ಚೀತಾ ಮರಿಹಾಕುವುದು ಅತ್ಯಂತ ಅಪರೂಪ. ಆದುದರಿಂದ ಅರಸರ ಬಳಿಯಿದ್ದ ಚೀತಾಗಳು ಕಾಡಿನಿಂದಲೇ ಹಿಡಿದು ತಂದವುಗಳು. ಭಾರತದಲ್ಲಿ ಆ ಕುಲವು ನಶಿಸಿತೆಂದು 1952ರಲ್ಲಿ ಘೋಷಿತವಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಯಿತು. ಹಿಡಿದು ಒಯ್ದುದನ್ನು ಎರಡು ಶತಮಾನಗಳ ತರುವಾಯ ಪರದೇಶದಿಂದ ಬೇಡಿ ತರಬೇಕಾದದ್ದು ಇತಿಹಾಸದ ಪಾಠವೇ ಸರಿ.

ರೋಗಭಯದಿಂದ ಹುಟ್ಟಿದ ಕಾನೂನು

ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳು ವೇಗಗೊಂಡಂತೆ ಅರಸರ ಮೃಗಗಳ ಜಾಗದಲ್ಲಿ ಸಾಮಾನ್ಯರ ಸಾಕುಪ್ರಾಣಿಗಳು ಕಡಲು ದಾಟತೊಡಗಿದವು. ಅವುಗಳೊಡನೆ ಹುಚ್ಚುನಾಯಿ ರೋಗದ ಭಯವೂ ಪಯಣಿಸಿತು. ಲೂಯಿ ಪಾಶ್ಚರನು 1885ರಲ್ಲಿ ಆ ರೋಗಕ್ಕೆ ಲಸಿಕೆಯನ್ನು ಮೊದಲ ಬಾರಿಗೆ ಮನುಷ್ಯನ ಮೇಲೆ ಪ್ರಯೋಗಿಸಿದನು. ದಕ್ಷಿಣ ಭಾರತದಲ್ಲಿ ಅದರ ಚಿಕಿತ್ಸೆಗಾಗಿ ಕೂನೂರಿನ ಪಾಶ್ಚರ್ ಸಂಸ್ಥೆಯು 1907ರಲ್ಲಿ ಆರಂಭವಾಯಿತು.

ದ್ವೀಪರಾಷ್ಟ್ರವಾದ ಬ್ರಿಟನ್ನು ಬೇರೊಂದು ಮಾರ್ಗವನ್ನು ಹಿಡಿಯಿತು. ಹೊರಗಿನಿಂದ ಬರುವ ನಾಯಿಗಳನ್ನು ಆರು ತಿಂಗಳ ಕಾಲ ಪ್ರತ್ಯೇಕವಾಗಿ ಇರಿಸುವ ನಿಯಮವು 1901ರಲ್ಲಿ ಬಂದಿತು. 1902ರ ವೇಳೆಗೆ ಆ ದೇಶದಿಂದ ರೋಗವು ತೊಲಗಿತು. ಮೊದಲನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ, 1918ರಲ್ಲಿ, ನಿಯಮವನ್ನು ತಪ್ಪಿಸಿ ತಂದ ನಾಯಿಗಳಿಂದ ಅದು ಮರಳಿ ಕಾಣಿಸಿಕೊಂಡು, 1922ರವರೆಗೆ ಕಾಡಿತು. ಪ್ರೀತಿಯ ನೆಪದಲ್ಲಿ ಮಾಡಿದ ಕಳ್ಳತನವು ಎಷ್ಟೋ ಪ್ರಾಣಿಗಳ ಸಾವಿಗೆ ಕಾರಣವಾಯಿತೆಂಬುದನ್ನು, ನಿಯಮಗಳನ್ನು ಹಳಿಯುವವರು ಮರೆಯಬಾರದು. ಆರು ತಿಂಗಳ ಆ ಬಂಧನವೂ ಮಾತ್ರ ಕಠೋರವೇ ಆಗಿದ್ದಿತು. ಭಾರತದಿಂದ ಹೋಗುವ ನಾಯಿ, ಬೆಕ್ಕುಗಳಿಗೆ ಅದು ಸಡಿಲಗೊಂಡದ್ದು 2012ರ ಜನವರಿ 1ರಿಂದ.

ಈಗಿನ ಕ್ರಮವು ಹೀಗಿದೆ. ಬ್ರಿಟನ್ನಿಗೂ ಯೂರೋಪಿನ ಒಕ್ಕೂಟದ ರಾಷ್ಟ್ರಗಳಿಗೂ ಹೋಗಬೇಕಾದ ಪ್ರಾಣಿಗೆ ಮೊದಲು 15 ಅಂಕೆಗಳ ಗುರುತುಳ್ಳ ಮೈಕ್ರೋಚಿಪ್ಪನ್ನು ಚರ್ಮದಡಿಯಲ್ಲಿ ಅಳವಡಿಸಬೇಕು. ಅನಂತರವೇ ರೇಬೀಸ್ ಲಸಿಕೆ. ಕ್ರಮವು ತಪ್ಪಿದರೆ ಲಸಿಕೆಯು ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನಗಳಾದ ಮೇಲೆ ರಕ್ತಪರೀಕ್ಷೆ ನಡೆದು, ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ಟಿಗೆ ಕಡಿಮೆಯಿಲ್ಲದ ರೋಗನಿರೋಧಕ ಶಕ್ತಿಯು ಕಂಡುಬರಬೇಕು. ರಕ್ತವನ್ನು ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ಅಮೆರಿಕವು 2024ರ ಆಗಸ್ಟ್ 1ರಿಂದ, ಆರು ತಿಂಗಳು ತುಂಬದ ಮತ್ತು ಮೈಕ್ರೋಚಿಪ್ ಇಲ್ಲದ ನಾಯಿಗಳಿಗೆ ಪ್ರವೇಶವನ್ನು ನಿಲ್ಲಿಸಿದೆ. ರೋಗಭಯವು ಹೆಚ್ಚೆಂದು ಅದು ಗುರುತಿಸಿರುವ ದೇಶಗಳಲ್ಲಿ ಭಾರತವೂ ಸೇರಿರುವುದರಿಂದ ಇಲ್ಲಿಂದ ಹೋಗುವ ನಾಯಿಗಳಿಗೆ ಹೆಚ್ಚಿನ ಷರತ್ತುಗಳಿವೆ. ಆಸ್ಟ್ರೇಲಿಯವು ಭಾರತದಿಂದ ನೇರವಾಗಿ ನಾಯಿ, ಬೆಕ್ಕುಗಳನ್ನು ಬರಗೊಡುವುದಿಲ್ಲ. ಅದು ಒಪ್ಪಿದ ಬೇರೊಂದು ರಾಷ್ಟ್ರದ ಮೂಲಕವೇ ಹೋಗಬೇಕು. ಹೊರಡುವಾಗ ಕೇಂದ್ರ ಸರ್ಕಾರದ ಪ್ರಾಣಿ ಸಂಪರ್ಕನಿಷೇಧ ಮತ್ತು ಪ್ರಮಾಣೀಕರಣ ಸೇವೆಯ ಪತ್ರವು ಅವಶ್ಯ. ಅದರ ಕೇಂದ್ರವು ಬೆಂಗಳೂರಿನಲ್ಲೂ ಇದೆ.

ಈ ನಿಯಮಗಳೆಲ್ಲವೂ ಮನುಷ್ಯರನ್ನೂ ಆಯಾ ದೇಶದ ಪ್ರಾಣಿಗಳನ್ನೂ ಕಾಪಾಡಲೆಂದು ಹುಟ್ಟಿದವುಗಳು. ಪ್ರಯಾಣಿಸುವ ಪ್ರಾಣಿಗೆ ಏನಾಗುತ್ತದೆಂಬುದು ಅವುಗಳ ಮುಖ್ಯ ಪ್ರಶ್ನೆಯಲ್ಲ. ಕಾಗದಪತ್ರಗಳೆಲ್ಲವೂ ಸರಿಯಾಗಿದ್ದರೂ ಆ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರವನ್ನು ಅರಸುವವರು ಅಣುವ್ರತದ ಕಡೆಗೆ ತಿರುಗಬೇಕಾಗುತ್ತದೆ.

ಐದು ಅತಿಚಾರಗಳು

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ದನಕರುಗಳನ್ನೂ ಆಳುಗಳನ್ನೂ ಇಟ್ಟುಕೊಂಡ ಗೃಹಸ್ಥರಿಗಾಗಿ ಹೇಳಿದ ಈ ಐದು ಮಾತುಗಳು ವಿಮಾನದ ಸರಕುಕೋಣೆಗೂ ಅಕ್ಷರಶಃ ಅನ್ವಯಿಸುತ್ತವೆ.

ಬಂಧವೆಂದರೆ ಇಚ್ಛೆಗೆ ವಿರುದ್ಧವಾಗಿ ಕಟ್ಟಿಡುವುದು. ವಿಮಾನ ಸಾರಿಗೆಯ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಪ್ರಾಣಿಯು ಸಹಜವಾಗಿ ನಿಲ್ಲಲು, ತಿರುಗಲು, ಮಲಗಲು ಸಾಧ್ಯವಾಗುವಷ್ಟು ದೊಡ್ಡ ಪಂಜರವಿರಬೇಕು. ಹೊರಡುವ ದಿನವೇ ಹೊಸ ಪಂಜರಕ್ಕೆ ತಳ್ಳಿದ ಪ್ರಾಣಿಗೆ ಅದು ಸೆರೆಮನೆ; ಹಲವು ವಾರಗಳ ಮುಂಚಿನಿಂದ ಅದರಲ್ಲಿಯೇ ಉಂಡು ಮಲಗಿ ರೂಢಿಯಾದ ಪ್ರಾಣಿಗೆ ಅದು ತನ್ನದೇ ಗೂಡು. ಒಂದೇ ಪೆಟ್ಟಿಗೆಯು ಹಿಂಸೆಯೂ ಆಗಬಹುದು, ಆಶ್ರಯವೂ ಆಗಬಹುದು. ಒಡೆಯನ ಮುನ್ನೆಚ್ಚರಿಕೆಯೇ ಅದನ್ನು ನಿರ್ಧರಿಸುತ್ತದೆ.

ವಧವೆಂದರೆ ಇಲ್ಲಿ ಹೊಡೆತ. ಪಂಜರಕ್ಕೆ ಹೋಗಲೊಲ್ಲದ ಪ್ರಾಣಿಯನ್ನು ಬಡಿದು ಅಭ್ಯಾಸ ಮಾಡಿಸುವುದು ಇದರಲ್ಲಿ ಸೇರುತ್ತದೆ. ಬಡಿಯುವ ಬದಲು ಮತ್ತುಬರಿಸಿ ಕಳುಹಿಸುವವರೂ ಉಂಟು. ಆಕಾಶಮಾರ್ಗದಲ್ಲಿ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅದರಿಂದ ಅಪಾಯವಿರುವುದರಿಂದ ಪಶುವೈದ್ಯರು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಛೇದವೆಂದರೆ ಅಂಗವನ್ನು ಕತ್ತರಿಸುವುದು. ಅಂದಕ್ಕಾಗಿ ನಾಯಿಯ ಕಿವಿಯನ್ನೂ ಬಾಲವನ್ನೂ ಕತ್ತರಿಸುವ ಪದ್ಧತಿಯು ಇದಕ್ಕೆ ನೇರವಾದ ನಿದರ್ಶನ. ಮೋಹಕ್ಕಾಗಿ ಮೂಗನ್ನೇ ಮೊಟಕುಗೊಳಿಸಿದ ಪಗ್, ಬುಲ್‌ಡಾಗ್ ಮುಂತಾದ ತಳಿಗಳಿಗೆ ನೆಲದ ಮೇಲೆಯೇ ಉಸಿರಾಟವು ಕಷ್ಟ. ಅನೇಕ ವಿಮಾನ ಸಂಸ್ಥೆಗಳು ಅವುಗಳನ್ನು ಒಯ್ಯಲು ನಿರಾಕರಿಸುತ್ತವೆ. ಕತ್ತರಿಯಿಲ್ಲದೆ ತಲೆಮಾರುಗಳ ಮೂಲಕ ನಡೆದ ಛೇದವಿದು. ನಾಯಿ, ಬೆಕ್ಕು, ಗಿಳಿ ಮೊದಲಾದವುಗಳನ್ನು ಧನಕ್ಕಾಗಿ ಸಾಕುವುದನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಶ್ರಾವಕನಿಗೆ ವರ್ಜ್ಯವಾದ ವೃತ್ತಿಗಳಲ್ಲಿ ಎಣಿಸಿರುವುದನ್ನು ತಳಿಮರಿಗಳನ್ನು ಕೊಳ್ಳುವವರೂ ಸ್ಮರಿಸಬೇಕು.

ಅತಿಭಾರಾರೋಪಣವೆಂದರೆ ಶಕ್ತಿಗೆ ಮೀರಿದ ಹೊರೆ. ವಿಮಾನದಲ್ಲಿ ನಾಯಿಯ ಬೆನ್ನ ಮೇಲೆ ಮೂಟೆಯಿರುವುದಿಲ್ಲ, ನಿಜ. ಆದರೆ ಮುಪ್ಪಾದ, ಹೃದ್ರೋಗವಿರುವ, ಗಬ್ಬವಾದ ಪ್ರಾಣಿಗೆ ಆ ಪ್ರಯಾಣವೇ ಹೊರೆ. ಬೇಸಗೆಯ ನಡುಹಗಲಲ್ಲಿ ವಿಮಾನನಿಲ್ದಾಣದ ನೆಲದ ಮೇಲೆ ಕಾಯುವ ಪಂಜರದ ಬೇಗೆಯೂ ಹೊರೆಯೇ.

ಅನ್ನಪಾನನಿರೋಧವು ಕೊನೆಯದು. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನದಲ್ಲಿ ಸುಮಾರು ಹತ್ತು ಗಂಟೆಗಳು; ತಪಾಸಣೆಗೆಂದು ಮೊದಲು ಕಾದ ಹೊತ್ತು, ಇಳಿದ ಮೇಲೆ ಕಾಯುವ ಹೊತ್ತು ಬೇರೆ. ಪಂಜರದ ಬಾಗಿಲಿಗೆ ನೀರಿನ ಬಟ್ಟಲನ್ನು ಹೊರಗಿನಿಂದಲೇ ತುಂಬುವಂತೆ ಕಟ್ಟಬೇಕೆಂಬುದು ಚಿಕ್ಕ ವಿಷಯವಲ್ಲ. ಬಾಯಾರಿದೆನೆಂದು ಹೇಳಲಾರದ ಜೀವಕ್ಕೆ ಅದೊಂದೇ ಗತಿ.

ಬಿಟ್ಟುಹೋಗುವ ಹಿಂಸೆ

ಇಷ್ಟೆಲ್ಲ ಕಷ್ಟವಿರುವುದಾದರೆ ಪ್ರಾಣಿಯನ್ನು ಊರಿನಲ್ಲಿಯೇ ಬಿಟ್ಟುಹೋಗುವುದು ಮೇಲೆಂದು ಹೇಳುವವರುಂಟು. ಪ್ರೀತಿಯಿಂದ ನೋಡಿಕೊಳ್ಳುವವರು ಇದ್ದಲ್ಲಿ ಅದು ಅನೇಕ ವೇಳೆ ನಿಜವೂ ಹೌದು. ಮುಪ್ಪಿನ ನಾಯಿಗೆ ಹೊಸ ದೇಶಕ್ಕಿಂತ ಹಳೆಯ ಜಗಲಿಯೇ ಸುಖ. ಆದರೆ ಬಿಡುವುದಕ್ಕೂ ಒಪ್ಪಿಸುವುದಕ್ಕೂ ಅಂತರವಿದೆ. ಒಪ್ಪಿಸುವವನು ಪಡೆಯುವವರ ಮನಸ್ಸನ್ನೂ ಶಕ್ತಿಯನ್ನೂ ಕೇಳಿ ತಿಳಿದು, ಆಹಾರಕ್ಕೂ ಚಿಕಿತ್ಸೆಗೂ ವ್ಯವಸ್ಥೆಯನ್ನು ಮಾಡಿ ಹೋಗುತ್ತಾನೆ. ತಮ್ಮ ದೇಹವನ್ನೇ ಸಂಬಾಳಿಸಿಕೊಳ್ಳಲಾರದ ತಂದೆತಾಯಿಗಳ ಮೇಲೆ, ಅವರು ಮಗನ ಮಾತನ್ನು ಮೀರಲಾರರೆಂಬ ಧೈರ್ಯದಿಂದ ದೊಡ್ಡ ನಾಯಿಯೊಂದನ್ನು ಹೊರಿಸಿ ಹೋಗುವುದು ಎರಡು ಜೀವಗಳ ಮೇಲಿನ ಅತಿಭಾರಾರೋಪಣ.

ಇನ್ನು, ಅನ್ನದಾನ ನಡೆಯುವ ಕ್ಷೇತ್ರದ ಬಳಿಯೋ ಬಸದಿಯ ಪ್ರಾಕಾರದ ಬಳಿಯೋ ಪ್ರಾಣಿಯನ್ನು ಇಳಿಸಿ, ದೇವರು ನೋಡಿಕೊಳ್ಳುತ್ತಾನೆಂದು ಹಿಂದಿರುಗುವುದು ದಯೆಯ ವೇಷದ ನಿರ್ದಯೆ. ಮನೆಯಲ್ಲಿ ಬೆಳೆದ ನಾಯಿಯನ್ನು ಬೀದಿಯ ನಾಯಿಗಳು ತಮ್ಮ ಎಲ್ಲೆಯೊಳಗೆ ಸೇರಿಸಿಕೊಳ್ಳುವುದಿಲ್ಲ. ಅದಕ್ಕೆ ಆಹಾರವನ್ನು ಹುಡುಕುವ ಬಗೆಯೂ ವಾಹನಗಳ ಭಯವೂ ತಿಳಿಯದು. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ, ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು ಅಪರಾಧ. 1799ರ ಹುಲಿಗಳ ಒಡೆಯನು ಯುದ್ಧದಲ್ಲಿ ಸತ್ತಿದ್ದನು. ಅವುಗಳನ್ನು ತೊರೆದನೆಂಬ ದೋಷವು ಅವನಿಗಿಲ್ಲ. ವಿಮಾನದ ಚೀಟಿಯನ್ನು ಕೈಯಲ್ಲಿ ಹಿಡಿದು ಹೊರಟವನಿಗೆ ಅಂತಹ ನೆಪವು ದೊರೆಯದು.

ದೇವಾಲಯಗಳ ವಿಶ್ವಸ್ತ ಮಂಡಲಿಗಳು ಈ ವಿಷಯದಲ್ಲಿ ಉದಾಸೀನವಾಗಿರುವುದು ಉಚಿತವಲ್ಲ. ಪಿಂಜರಾಪೋಲುಗಳನ್ನು ಕಟ್ಟಿ ಮುದಿ ದನಗಳನ್ನೂ ಗಾಯಗೊಂಡ ಹಕ್ಕಿಗಳನ್ನೂ ಸಲಹಿದ ಪರಂಪರೆಯು ಈ ಸಮಾಜದ್ದು. ಹೊಸ ಕಟ್ಟಡಗಳು ಬೇಕೆಂದೇನೂ ಇಲ್ಲ. ಹೊರದೇಶಕ್ಕೆ ಹೋಗುವ ಮನೆಯನ್ನೂ, ಪ್ರಾಣಿಯನ್ನು ಸಾಕಲು ಸಿದ್ಧವಿರುವ ಮನೆಯನ್ನೂ ಕೂಡಿಸುವುದು, ಕ್ಷೇತ್ರದಲ್ಲಿ ಪ್ರಾಣಿಗಳನ್ನು ಬಿಡಬಾರದೆಂದು ತಿಳಿಹೇಳುವುದು, ಇರುವ ಪ್ರಾಣಿಗಳಿಗೆ ವರ್ಷಕ್ಕೊಮ್ಮೆ ಲಸಿಕೆಯನ್ನು ಹಾಕಿಸುವುದು ಸಣ್ಣ ಊರಿನ ಮಂಡಲಿಗೂ ಸಾಧ್ಯವಾದ ಕೆಲಸಗಳು.

ನಾಯಿಯ ಆಯುಷ್ಯವು ಸುಮಾರು ಹತ್ತರಿಂದ ಹದಿನೈದು ವರ್ಷ. ಬೆಕ್ಕು ಅದಕ್ಕೂ ಹೆಚ್ಚು ಕಾಲ ಬದುಕುವುದುಂಟು. ಮರಿಯನ್ನು ಮಡಿಲಿಗೆ ತೆಗೆದುಕೊಳ್ಳುವ ದಿನವೇ ಆ ವರ್ಷಗಳನ್ನೆಲ್ಲ ಎಣಿಸುವುದು ಪರಿಗ್ರಹಪರಿಮಾಣದ ಒಂದು ಭಾಗ. ಓದಿನ ಕೊನೆಯ ವರ್ಷದಲ್ಲಿರುವ, ಪರದೇಶದ ಉದ್ಯೋಗಕ್ಕೆ ಕಾದಿರುವ ಯುವಕನು ಮರಿಯನ್ನು ತಾರದಿರುವುದೇ ಆ ಜೀವಕ್ಕೆ ಮಾಡುವ ಮೊದಲ ಉಪಕಾರ. ತಂದಾಗಿದ್ದರೆ, ಕೊಂಡೊಯ್ಯುವುದೋ ಒಪ್ಪಿಸುವುದೋ ಎಂಬುದನ್ನು ತನ್ನ ವಿರಹದಿಂದ ಅಳೆಯದೆ ಆ ಪ್ರಾಣಿಯ ವಯಸ್ಸು, ಆರೋಗ್ಯ, ಸ್ವಭಾವಗಳಿಂದ ಅಳೆಯಬೇಕು.

ಏಟು ತಿಂದು ಸಾಯುತ್ತಿದ್ದ ನಾಯಿಯ ಬಳಿ ಕುಳಿತು, ಜೀವಂಧರಕುಮಾರನು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸಿದನೆಂಬ ಕಥೆಯನ್ನು ವಾದೀಭಸಿಂಹಸೂರಿಗಳು ಕ್ಷತ್ರಚೂಡಾಮಣಿ ಕಾವ್ಯದಲ್ಲಿ ಹೇಳಿದ್ದಾರೆ. ಕನ್ನಡದಲ್ಲಿ ಭಾಸ್ಕರಕವಿಯು 1424ರಲ್ಲಿ ಜೀವಂಧರನ ಚರಿತೆಯನ್ನು ಹಾಡಿದನು. ಆ ನಾಯಿ ಜೀವಂಧರನದಲ್ಲ; ಅವನು ಅದನ್ನು ಸಾಕಿರಲಿಲ್ಲ, ಅದರಿಂದ ಯಾವ ಸೇವೆಯನ್ನೂ ಪಡೆದಿರಲಿಲ್ಲ. ದಾರಿಯಲ್ಲಿ ಕಂಡ ಪರರ ನಾಯಿಗೆ ರಾಜಕುಮಾರನೊಬ್ಬನು ಅಷ್ಟು ಹೊತ್ತನ್ನು ಕೊಟ್ಟನು. ಹತ್ತು ವರ್ಷ ಬಾಗಿಲನ್ನು ಕಾದ ನಾಯಿಗೆ ಮನೆಯವರು ಎಷ್ಟು ಹೊತ್ತನ್ನು ಕೊಡಬೇಕೆಂಬುದನ್ನು ಪ್ರತಿಯೊಂದು ಕುಟುಂಬವೂ ಹೊರಡುವ ಮುನ್ನ ತಾನೇ ನಿರ್ಣಯಿಸಬೇಕು.